ಸುತ್ತೋಲೆಯೂ ಕೇಳುವವರ ಹೊತ್ತೂ

‘ಸುತ್ತೋಲೆ’ ಎಂಬುದು ನಮ್ಮ ಕಚೇರಿಗಳಲ್ಲಿ ದಿನಬೆಳಗಾದರೆ ಕೇಳಿಬರುವ ಮಾತು. ಒಬ್ಬರು ಬರೆದುದು ಹಲವರ ಕೈಗೆ ಸುತ್ತಿ ಬರುವ ಓಲೆ ಎಂಬುದು ಅದರ ಅರ್ಥ. ತಾಳೆಗರಿಯ ಕಾಲ ಕಳೆದರೂ ಹೆಸರು ಮಾತ್ರ ಉಳಿದುಕೊಂಡಿದೆ. ಆದರೆ ಓಲೆಯ ಜೊತೆಗೆ ಇದ್ದ ಒಂದು ಕಟ್ಟುಪಾಡು ನಮ್ಮಿಂದ ದೂರವಾಗಿದೆ. ಕಂಠ ಹಿಡಿದು ಗರಿಯ ಮೇಲೆ ಅಕ್ಷರ ಕೊರೆಯಬೇಕಾದವನಿಗೆ ಪ್ರತಿಯೊಂದು ಮಾತಿಗೂ ಶ್ರಮವಿತ್ತು. ಆದುದರಿಂದ ಬೇಡದ ಮಾತು ತಾನಾಗಿಯೇ ಉದುರಿಹೋಗುತ್ತಿತ್ತು. ಈಗ ಬರೆಯುವವನಿಗೆ ಶ್ರಮವಿಲ್ಲ, ಹಂಚುವುದಕ್ಕೆ ಖರ್ಚಿಲ್ಲ. ಶ್ರಮವೂ ಖರ್ಚೂ ಪೂರ್ತಿಯಾಗಿ ಓದುವವನ ತಲೆಯ ಮೇಲೆ ಬಂದು ಕುಳಿತಿವೆ. ಹಲವರಿಗೆ ಬರೆಯುವವನು ಹಲವರ ಹೊತ್ತನ್ನು ವೆಚ್ಚ ಮಾಡುತ್ತಾನೆ. ಆ ಹೊತ್ತು ಅವನದಲ್ಲ.

ಈ ಮಾತನ್ನು ಇತ್ತೀಚಿನವರು ಕಂಡುಹಿಡಿದರೆಂದು ತಿಳಿಯಬೇಕಾಗಿಲ್ಲ. ಇದನ್ನು ಮನಸ್ಸಿಗೆ ತಂದುಕೊಂಡು, ತನ್ನ ಬರಹ ಒಂದೆಡೆ ಚಿಕ್ಕದಾಗಿ ಇನ್ನೊಂದೆಡೆ ದೊಡ್ಡದಾಗಿ ಏಕಿದೆಯೆಂದು ಓದುಗರಿಗೆ ವಿವರಣೆ ಕೊಟ್ಟ ಅರಸನೊಬ್ಬ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಆಗಿಹೋದನು. ಅವನು ಬರೆಯಿಸಿದ ಬಂಡೆಗಳು ನಮ್ಮ ಊರುಗಳ ಮಗ್ಗುಲಲ್ಲಿಯೇ ಇವೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು ಎಂದೊಡನೆ ನಮಗೆ ನೆನಪಾಗುವುದು ತುಂಗಭದ್ರೆಯ ನೀರು, ಭತ್ತದ ಗದ್ದೆ. ತಾಲ್ಲೂಕಿನ ಪೂರ್ವದ ಅಂಚಿನಲ್ಲಿ ಹಗರಿ ಹರಿಯುತ್ತದೆ. ವೇದಾವತಿಯೆಂಬುದು ಅದರದೇ ಇನ್ನೊಂದು ಹೆಸರು. ಆ ಕಡೆಗೆ ರಾರಾವಿ, ಅದನ್ನು ದಾಟಿದರೆ ಆದವಾನಿಯ ಸೀಮೆ. ಇಂದು ಅದು ಆಂಧ್ರಕ್ಕೆ ಸೇರಿದ್ದರೂ 1953ರವರೆಗೆ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಸಿರುಗುಪ್ಪ ತಾಲ್ಲೂಕಿನಲ್ಲಿಯೇ, ತುಂಗಭದ್ರೆಯ ಕಡೆಗಿರುವ ನಿಟ್ಟೂರಿನಲ್ಲಿ ಒಂದು, ಉಡೇಗೋಳದಲ್ಲಿ ಒಂದು, ಹೀಗೆ ಎರಡು ಅಶೋಕನ ಶಾಸನಗಳು 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ಅಶೋಕನು ತನ್ನ ಶಾಸನಗಳಲ್ಲಿ ಸಾಮಾನ್ಯವಾಗಿ ‘ದೇವಾನಾಂಪ್ರಿಯ’ನೆಂದೇ ಹೇಳಿಕೊಳ್ಳುತ್ತಾನೆ, ಸ್ವಂತ ಹೆಸರು ಬರುವುದು ಬಲು ಅಪರೂಪ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಆ ಹೆಸರು ಕಂಡಾಗ ಇತಿಹಾಸಕಾರರಿಗೆ ಹಬ್ಬವಾಗಿತ್ತು. ನಿಟ್ಟೂರು, ಉಡೇಗೋಳದ ಬಂಡೆಗಳಲ್ಲಿಯೂ ‘ರಾಜ ಅಶೋಕ’ ಎಂಬ ಹೆಸರು ನೇರವಾಗಿಯೇ ಇದೆ.

ಈ ಎರಡು ಬಂಡೆಗಳು ಒಂಟಿಯಲ್ಲ. ಉತ್ತರಕ್ಕೆ ಮಸ್ಕಿ, ಪಶ್ಚಿಮಕ್ಕೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ದಕ್ಷಿಣಕ್ಕೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಪೂರ್ವಕ್ಕೆ ಕರ್ನೂಲು ಸೀಮೆಯ ಎರ್ರಗುಡಿ ಮತ್ತು ರಾಜುಲಮಂಡಗಿರಿ. ಇವುಗಳ ನಡುವೆ ಸಿರುಗುಪ್ಪದ ಎರಡು. ಲೆಕ್ಕ ಹಾಕಿದರೆ ಹತ್ತು ಕಡೆ ಒಂದೇ ಸಂದೇಶ! ಭಾರತದಲ್ಲಿ ದೊರೆತಿರುವ ಅಶೋಕನ ಕಿರುಬಂಡೆ ಶಾಸನಗಳಲ್ಲಿ ಸುಮಾರು ಅರ್ಧದಷ್ಟು ಇದೊಂದು ಪ್ರದೇಶದಲ್ಲಿಯೇ ಇವೆ. ಇದನ್ನು ಅಂದಿನ ಸುತ್ತೋಲೆಯೆಂದು ಕರೆಯದೆ ಇನ್ನೇನೆಂದು ಕರೆಯೋಣ?

ಸುತ್ತೋಲೆಯಲ್ಲಿ ಇದ್ದುದಾದರೂ ಏನು? ತಾನು ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲದಿಂದ ಉಪಾಸಕನಾಗಿರುವುದಾಗಿಯೂ, ಮೊದಲೊಂದು ವರ್ಷ ಅಷ್ಟೇನೂ ಶ್ರಮಿಸಲಿಲ್ಲವೆಂದೂ, ಸಂಘದ ಸಂಪರ್ಕ ಬಂದ ಮೇಲೆ ಹೆಚ್ಚಾಗಿ ಶ್ರಮಿಸಿದುದಾಗಿಯೂ ಅರಸನು ಹೇಳುತ್ತಾನೆ. ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆಯಬಹುದು ಎಂಬುದು ಅದರ ತಿರುಳು. ಕೆಲವು ಕಡೆ ಇದರ ಬೆನ್ನಿಗೆ ಎರಡನೆಯ ಭಾಗವೊಂದು ಉಂಟು: ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಇಷ್ಟೇ. ಎರಡನ್ನೂ ಸೇರಿಸಿ ನಿಧಾನವಾಗಿ ಓದಿದರೂ ಐದು ನಿಮಿಷ ಹಿಡಿಯದು. ಪಶ್ಚಿಮದಲ್ಲಿ ಕಂದಹಾರದವರೆಗೆ ಆಳಿದವನು ತನ್ನ ವಂಶಾವಳಿಯನ್ನಾಗಲಿ ಗೆದ್ದ ರಾಜ್ಯಗಳ ಪಟ್ಟಿಯನ್ನಾಗಲಿ ಇಲ್ಲಿ ಹಾಡಿಕೊಳ್ಳಲಿಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿ, ಹತ್ತು ಕಡೆಯ ಪಾಠಗಳೂ ಒಂದೇ ಅಳತೆಯವಲ್ಲ ಎಂಬುದು. ಮಸ್ಕಿ, ಗವಿಮಠ, ಪಾಲ್ಕಿಗುಂಡುಗಳಲ್ಲಿ ಮೊದಲ ಭಾಗ ಮಾತ್ರ ಇದೆ. ನಿಟ್ಟೂರು, ಉಡೇಗೋಳ, ಎರ್ರಗುಡಿ, ಬ್ರಹ್ಮಗಿರಿಗಳಲ್ಲಿ ಎರಡೂ ಭಾಗಗಳಿವೆ. ಎರ್ರಗುಡಿಯ ಪಾಠದಲ್ಲಿ ಈ ಮಾತನ್ನು ಯಾರು ಯಾರಿಗೆ ತಲುಪಿಸಬೇಕೆಂಬ ಏರ್ಪಾಡೂ ಸೇರಿಕೊಂಡಿದೆ. ಸಿರುಗುಪ್ಪದ ಎರಡು ಶಾಸನಗಳೂ ಅದೇ ಧಾಟಿಯವು. ರಾಜನು ರಜ್ಜುಕನೆಂಬ ಅಧಿಕಾರಿಗೆ ಹೇಳುವುದು, ರಜ್ಜುಕನು ನಾಡಿನ ಜನಕ್ಕೂ ರಾಷ್ಟ್ರಿಕರಿಗೂ ಹೇಳುವುದು. ಆನೆ ಸವಾರರು, ಕರಣಕರು, ರಥವಿದ್ಯೆಯ ಆಚಾರ್ಯರು, ಬ್ರಾಹ್ಮಣರು, ಇವರು ತಂತಮ್ಮ ಶಿಷ್ಯರಿಗೆ ತಿಳಿಸುವುದು. ಕರಣಕನೆಂದರೆ ಲೆಕ್ಕಪತ್ರದವನು, ಬಳ್ಳಾರಿ ಸೀಮೆಯಲ್ಲಿ ಊರಿನ ಲೆಕ್ಕದವನನ್ನು ತೀರ ಈಚಿನವರೆಗೂ ಕರಣಂ ಎಂದೇ ಕರೆಯುತ್ತಿದ್ದರು. ಯಾರಿಗೆ ಯಾರ ಬಾಯಿಂದ ಮಾತು ಹೋದರೆ ಕಿವಿಗೆ ಬಿದ್ದೀತೆಂಬುದನ್ನು ಯೋಚಿಸಿಯೇ ಈ ಪಟ್ಟಿಯನ್ನು ಮಾಡಿದಂತಿದೆ. ಎಲ್ಲರಿಗೂ ಎಲ್ಲವನ್ನೂ ಕಳುಹಿಸಿ ಕೈತೊಳೆದುಕೊಳ್ಳುವ ಪದ್ಧತಿ ಇದಲ್ಲ.

ಬ್ರಹ್ಮಗಿರಿ ಮತ್ತು ಸಿದ್ದಾಪುರದ ಪಾಠಗಳ ಆರಂಭ ಮಾತ್ರ ಬೇರೆ ತೆರನಾಗಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಆ ಬಳಿಕ ಅರಸನ ಮಾತನ್ನು ತಿಳಿಸುತ್ತಾರೆ. ಎಂದರೆ, ಮೇಲಿನ ಕಚೇರಿ ಕೆಳಗಿನ ಕಚೇರಿಗೆ ಬರೆದ ಮುನ್ನೋಲೆಯನ್ನೂ ಕಲ್ಲುಕುಟಿಗರು ಸಂದೇಶದೊಡನೆ ಬಂಡೆಗೆ ಇಳಿಸಿಬಿಟ್ಟಿದ್ದಾರೆ. ಅಧಿಕಾರಿಗಳ ಕುಶಲಪ್ರಶ್ನೆ ಊರವರಿಗೆ ಏಕೆ? ಬಂದ ಕಾಗದವನ್ನು ಬಂದಂತೆಯೇ ಮುಂದಕ್ಕೆ ತಳ್ಳುವ ಅಭ್ಯಾಸ ಇಂದಿನದಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ಆ ಗುಮಾಸ್ತನಿಗೆ ನಾವು ಋಣಿಗಳೂ ಹೌದು. ಅವನ ಈ ಕೆಲಸದಿಂದಲೇ ಸುವರ್ಣಗಿರಿ ಎಂಬ ಪ್ರಾಂತದ ರಾಜಧಾನಿಯೊಂದು ಇತ್ತೆಂದೂ ಅಲ್ಲಿ ರಾಜಕುಮಾರನಿದ್ದನೆಂದೂ ನಮಗೆ ಗೊತ್ತಾಯಿತು. ಇತಿಹಾಸಕಾರನಿಗೆ ಲಾಭವಾದುದೆಲ್ಲ ಅಂದಿನ ಕೇಳುಗನಿಗೂ ಲಾಭವೆಂದು ಹೇಳುವಂತಿಲ್ಲ.

ಒಂದೇ ಸಂದೇಶ ಒಂದೊಂದು ಕಡೆ ಒಂದೊಂದು ಅಳತೆಯಲ್ಲಿರುವುದು ಕಲ್ಲಿನ ಜಾಗದ ಅನುಕೂಲದಿಂದ ಆದುದೇ, ಬುದ್ಧಿಪೂರ್ವಕವಾಗಿ ಮಾಡಿದುದೇ? ಈ ಪ್ರಶ್ನೆಗೆ ಉತ್ತರವನ್ನು ಕಿರುಬಂಡೆ ಶಾಸನಗಳಲ್ಲಿ ಹುಡುಕುವಂತಿಲ್ಲ. ಅಶೋಕನ ಇನ್ನೊಂದು ವರ್ಗದ ಶಾಸನಗಳಾದ 14 ಹಿರಿಯ ಬಂಡೆ ಶಾಸನಗಳನ್ನು ನೋಡಬೇಕು. ಇವು ಗಿರ್ನಾರ್, ಕಾಲ್ಸಿ ಮುಂತಾದೆಡೆ ಸಿಕ್ಕಿವೆ, ಎರ್ರಗುಡಿಯಲ್ಲಿಯೂ ಇವೆ. ಇವುಗಳಲ್ಲಿ 14ನೆಯದು, ಅಂದರೆ ಕಡೆಯದು, ಒಂದು ಬಗೆಯ ‘ಅರಿಕೆ’. ನಮ್ಮ ನಾಡಿನಲ್ಲಿ ಅದು ದೊರೆತ ಬಗೆಯೂ ಸ್ವಾರಸ್ಯವಾಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾನದಿಯ ತೀರದಲ್ಲಿ, ಚಂದ್ರಲಾಂಬೆಯ ದೇವಾಲಯವಿದೆ. ಅದರ ಆವರಣದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಮೇಲೆ ಬ್ರಾಹ್ಮೀ ಅಕ್ಷರಗಳು! 12ನೆಯ ಶಾಸನದ ಭಾಗ, 14ನೆಯ ಶಾಸನ, ಜೊತೆಗೆ ಕಳಿಂಗದಲ್ಲಿ ಮಾತ್ರ ಗೊತ್ತಿದ್ದ ಎರಡು ಪ್ರತ್ಯೇಕ ಶಾಸನಗಳು ಆ ಒಂದು ಚಪ್ಪಡಿಯ ಎರಡು ಮೈಗಳಲ್ಲಿ ಕಂಡುಬಂದವು.

ಆ 14ನೆಯ ಶಾಸನದ ಅಭಿಪ್ರಾಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಈ ಧರ್ಮಲಿಪಿಗಳಲ್ಲಿ ಕೆಲವು ಸಂಕ್ಷೇಪವಾಗಿವೆ, ಕೆಲವು ಮಧ್ಯಮವಾಗಿವೆ, ಕೆಲವು ವಿಸ್ತಾರವಾಗಿವೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ. ರಾಜ್ಯ ವಿಶಾಲವಾದುದು, ಬರೆಸಿದುದು ಬಹಳ, ಬರೆಸಬೇಕಾದುದೂ ಬಹಳ. ಕೆಲವು ವಿಷಯಗಳ ಮಾಧುರ್ಯಕ್ಕಾಗಿ, ಜನರು ಅದರಂತೆ ನಡೆಯಲೆಂದು, ಅವನ್ನು ಮತ್ತೆ ಮತ್ತೆ ಹೇಳಲಾಗಿದೆ. ಎಲ್ಲಿಯಾದರೂ ಅಪೂರ್ಣವಾಗಿ ಬರೆದಿದ್ದರೆ, ಸ್ಥಳದ ದೆಸೆಯಿಂದಲೋ ಬೇರೊಂದು ಕಾರಣದಿಂದಲೋ ಲಿಪಿಕಾರನ ತಪ್ಪಿನಿಂದಲೋ ಹಾಗಾಗಿರಬಹುದು.

ಬರವಣಿಗೆಯ ಶಾಸ್ತ್ರವನ್ನು ಬೋಧಿಸುವವರು ಇದಕ್ಕಿಂತ ಹೆಚ್ಚಿಗೆ ಏನು ಹೇಳಿಯಾರು? ಮೂರು ಅಂಶಗಳನ್ನು ಇಲ್ಲಿ ಬೇರ್ಪಡಿಸಬಹುದು. ಮೊದಲನೆಯದು, ಮಾತಿನ ಅಳತೆಯನ್ನು ಹೇಳುವವನ ಉತ್ಸಾಹವಲ್ಲ, ಕೇಳುವವನ ನೆಲೆ ನಿರ್ಣಯಿಸಬೇಕು. ಎರಡನೆಯದು, ಪುನರುಕ್ತಿ ಎಲ್ಲ ಕಡೆಯೂ ದೋಷವಲ್ಲ. ಆದರೆ ಅದಕ್ಕೆ ಕಾರಣ ಬೇಕು. ಜನ ನಡೆದುಕೊಳ್ಳಬೇಕಾದ ಮಾತನ್ನು ಎರಡು ಬಾರಿ ಹೇಳಬಹುದು, ತನ್ನ ಹಿರಿಮೆಯನ್ನಲ್ಲ. ಮೂರನೆಯದು, ಬರಹದಲ್ಲಿ ಕೊರತೆಯಿದ್ದರೆ ಓದುಗನ ಮಂದಬುದ್ಧಿಯನ್ನು ದೂರದೆ, ಬರೆದ ಕಡೆಯವರೇ ಹೊಣೆ ಹೊರಬೇಕು. ಹೊಣೆಯ ಒಂದು ಪಾಲನ್ನು ಅರಸನು ಲಿಪಿಕಾರನ ಮೇಲೆ ಹಾಕಿದನೆಂಬುದು ನಿಜ. ಕೇಳಿದ ಜನರ ಮೇಲಂತೂ ಹಾಕಲಿಲ್ಲ.

ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲವೆಂಬ ಮಾತು ಬರಿಯ ಮಾತಾಗಿ ಉಳಿಯಲಿಲ್ಲ. ಕಳಿಂಗ ಯುದ್ಧದ ಸಾವುನೋವನ್ನೂ ತನ್ನ ಪಶ್ಚಾತ್ತಾಪವನ್ನೂ ಅಶೋಕನು 13ನೆಯ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಅದನ್ನು ಬರೆಯಿಸಲಿಲ್ಲ. 11ರಿಂದ 13ರವರೆಗಿನ ಶಾಸನಗಳನ್ನು ಅಲ್ಲಿ ಬಿಟ್ಟು, ಅಧಿಕಾರಿಗಳು ಜನರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಎರಡು ಪ್ರತ್ಯೇಕ ಶಾಸನಗಳನ್ನು ಇರಿಸಿದನು. ಮನೆಮಂದಿಯನ್ನು ಕಳೆದುಕೊಂಡವರಿಗೆ ಸತ್ತವರ ಲೆಕ್ಕವನ್ನು ಓದಿಹೇಳುವುದರಲ್ಲಿ ಏನು ಅರ್ಥವಿದೆ? ಅವರಿಗೆ ಬೇಕಾಗಿದ್ದುದು ಮುಂದೆ ತಮಗೆ ಅನ್ಯಾಯವಾಗದು ಎಂಬ ಭರವಸೆ. ಇನ್ನು ಪಶ್ಚಿಮದ ಕಡೆಯಲ್ಲಿ, ಕಂದಹಾರದ ಬಳಿ 1958ರಲ್ಲಿ ದೊರೆತ ಶಾಸನವು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ಅಲ್ಲಿಯ ಜನಕ್ಕೆ ಅರ್ಥವಾಗುವ ನುಡಿಯಲ್ಲಿ, ಇಡೀ ಉಪದೇಶದ ಸಾರವನ್ನು ಕೆಲವೇ ಸಾಲುಗಳಿಗೆ ಇಳಿಸಿ ಕೊಟ್ಟಿದೆ.

ಹೊತ್ತಿನ ವಿಷಯಕ್ಕೆ ಬರೋಣ. ಅಂದು ಈ ಶಾಸನಗಳನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಬಹುಮಂದಿಗೆ ಅದು ಕೇಳುವ ಬರಹ. ಯಾರೋ ಒಬ್ಬ ಅಧಿಕಾರಿ ಓದಿ ಹೇಳಬೇಕು. ಉಳಿದವರು ನೇಗಿಲನ್ನೂ ದನಕರುವನ್ನೂ ಬಿಟ್ಟು ಬಂದು ಕೇಳಬೇಕು. ಇದಕ್ಕೂ ಅರಸನು ಒಂದು ಕ್ರಮವನ್ನು ಏರ್ಪಡಿಸಿದ್ದನು. ಕಳಿಂಗದ ಪ್ರತ್ಯೇಕ ಶಾಸನಗಳ ಪ್ರಕಾರ, ತಿಷ್ಯ ಅಂದರೆ ಪುಷ್ಯ ನಕ್ಷತ್ರದ ದಿನ ಅವನ್ನು ಕೇಳಿಸಬೇಕು. ನಡುವೆ ಸಂದರ್ಭ ಒದಗಿದರೆ, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬಹುದು. ದಿನ ಗೊತ್ತಿದ್ದರೆ ಒಕ್ಕಲಿಗನು ತನ್ನ ಕೆಲಸವನ್ನು ಹೊಂದಿಸಿಕೊಳ್ಳಬಲ್ಲನು. ಹೊತ್ತಲ್ಲದ ಹೊತ್ತಿನಲ್ಲಿ ಕರೆಸಿ ಕೂಡಿಸಿಕೊಳ್ಳುವ ಕಾಟ ತಪ್ಪಿತು. ಬೇಕೆಂದು ಬಂದ ಒಬ್ಬನಿಗೂ ಬಾಗಿಲು ಮುಚ್ಚಲಿಲ್ಲ.

ಇದರ ಜೊತೆಗೆ 6ನೆಯ ಹಿರಿಯ ಶಾಸನವನ್ನು ಇಟ್ಟು ನೋಡಿದರೆ ಅರಸನ ಮನಸ್ಸು ಇನ್ನಷ್ಟು ತಿಳಿಯಾಗುತ್ತದೆ. ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕೆಲಸವನ್ನು ಯಾವ ವೇಳೆಯಲ್ಲಾದರೂ ತನಗೆ ಬಂದು ತಿಳಿಸಬೇಕೆಂದು ಅಲ್ಲಿ ಕಟ್ಟಳೆ ಮಾಡಿದ್ದಾನೆ. ಜನರ ಮಾತು ಅರಸನಿಗೆ ಯಾವ ಹೊತ್ತಿನಲ್ಲಾದರೂ ಬರಬಹುದು. ಅರಸನ ಮಾತು ಜನರಿಗೆ ಗೊತ್ತಾದ ದಿನ ಹೋಗಬೇಕು. ನಮ್ಮ ಕಾಲದಲ್ಲಿ ಇದು ತಲೆಕೆಳಗಾಗಿದೆಯಲ್ಲವೆ? ಮೇಲಿನವರ ಸೂಚನೆ ಅರ್ಧರಾತ್ರಿಯಲ್ಲಿಯೂ ಬರುತ್ತದೆ. ಕೆಳಗಿನವರ ಅರ್ಜಿಗೆ ಮಾತ್ರ ಸಂದರ್ಶನದ ವೇಳೆ ಉಂಟು!

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳದಿದ್ದರೆ ನ್ಯಾಯವಾಗದು. ಸಂಕ್ಷೇಪವೊಂದೇ ಗುಣವಲ್ಲ. ಬ್ರಹ್ಮಗಿರಿಯೇ ಮೊದಲಾದೆಡೆ ಮೊದಲ ಭಾಗದ ಕೊನೆಯಲ್ಲಿ 256 ಎಂಬ ಸಂಖ್ಯೆಯೊಂದು ಬರುತ್ತದೆ. ಅದೇನೆಂದು ವಿವರಿಸುವ ಗೋಜಿಗೆ ಹೋಗಿಲ್ಲ. ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಮೊದಲು ಕೆಲವು ವಿದ್ವಾಂಸರು ಹೇಳಿದರು. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬುದು ಆಮೇಲೆ ಹೆಚ್ಚು ಮಂದಿಗೆ ಒಪ್ಪಿತವಾಯಿತು. ಇನ್ನೆರಡು ಪದಗಳನ್ನು ಕಲ್ಲಿಗೆ ಹಾಕಿದ್ದರೆ ಎಷ್ಟೋ ಪಂಡಿತರ ಎಷ್ಟೋ ವರ್ಷಗಳು ಉಳಿಯುತ್ತಿದ್ದವು. ಬರೆಯುವವನು ಉಳಿಸಿದ ಒಂದು ಗಳಿಗೆಗೆ ಓದುವವನು ಒಂದು ದಿನವನ್ನು ತೆರಬೇಕಾಗುವ ಸಂಕ್ಷೇಪವೂ ಉಂಟು.

ಲಿಪಿಕಾರರ ಚಮತ್ಕಾರಗಳು ಇನ್ನೊಂದು ಬಗೆಯವು. ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡನೆಂಬವನು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ಕೊನೆಯಲ್ಲಿ ‘ಲಿಪಿಕಾರ’ನೆಂಬ ತನ್ನ ಹುದ್ದೆಯನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮೊಳಕಾಲ್ಮೂರಿನ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ತನಗೆ ಇನ್ನೊಂದು ಲಿಪಿಯೂ ಬರುತ್ತದೆಂದು ತೋರಿಸಿಕೊಳ್ಳುವ ಆಸೆಯೆಂದೇ ತೋರುತ್ತದೆ. ಎರ್ರಗುಡಿಯ ಕಿರುಶಾಸನದಲ್ಲಂತೂ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ, ಉಳುವ ಎತ್ತು ಹೊಲದ ಕೊನೆಯಲ್ಲಿ ತಿರುಗಿ ಬಂದ ಹಾಗೆ. ಓದುವವನ ಕತ್ತು ನೋಯಬೇಕು! ಎಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು. ಕಂದಹಾರದವರಿಗೆ ಗ್ರೀಕನ್ನು ಒದಗಿಸಿದ ಆಡಳಿತ ನಮ್ಮ ಸೀಮೆಗೆ ಪ್ರಾಕೃತವನ್ನೇ ಕಳುಹಿಸಿತು. ಇಲ್ಲಿಯ ಆಡುನುಡಿ ಅದಾಗಿರಲಿಲ್ಲ. ರಜ್ಜುಕನೋ ಕರಣಕನೋ ಬಾಯಿಮಾತಿನಲ್ಲಿ ವಿವರಿಸಿದ್ದರೇ ಜನಕ್ಕೆ ತಿಳಿದಿರಬೇಕು.

ಈ ಕೊರತೆಯನ್ನು ತುಂಬಿದವರು ನಮ್ಮ ಕನ್ನಡದ ಶಾಸನಕಾರರು. ನಮ್ಮ ಶಾಸನಗಳ ಮೇಲೆ ಉದ್ದುದ್ದ ಬಿರುದುಗಳ ಅಪವಾದವಿದೆ. ಅದು ಸುಳ್ಳೂ ಅಲ್ಲ. ಮಂಗಳಶ್ಲೋಕ, ವಂಶಪ್ರಶಸ್ತಿ, ಬಿರುದಾವಳಿಗಳನ್ನು ದಾಟಿ ದಾನದ ವಿಷಯಕ್ಕೆ ಬರುವಷ್ಟರಲ್ಲಿ ಓದುಗನಿಗೆ ದಣಿವಾಗುತ್ತದೆ. ಆದರೆ ಕಟ್ಟಡವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಗಂಗರ ಹಲವು ತಾಮ್ರಶಾಸನಗಳಲ್ಲಿ ಪ್ರಶಸ್ತಿ ಸಂಸ್ಕೃತದಲ್ಲಿದೆ. ದಾನಕೊಟ್ಟ ನೆಲದ ಎಲ್ಲೆಯನ್ನು ಹೇಳುವ ಭಾಗ ಮಾತ್ರ ಕನ್ನಡದಲ್ಲಿದೆ. ಅರಸನ ಕೀರ್ತಿ ಪಂಡಿತರಿಗೆ ಸೇರಿದ್ದು, ಅವರ ನುಡಿಯಲ್ಲಿರಲಿ; ಗಡಿಯ ಹುತ್ತ, ಹಳ್ಳ, ಮರ, ಬಂಡೆ ಒಕ್ಕಲಿಗನಿಗೆ ಸೇರಿದ್ದು, ಅವನ ನುಡಿಯಲ್ಲಿರಲಿ. ನಾಳೆ ಎಲ್ಲೆಯ ಜಗಳ ಬಂದಾಗ ಅವನು ಬಿರುದಾವಳಿಯನ್ನು ಕೇಳಬೇಕಾಗಿಲ್ಲ. ಭಾಗಗಳ ಅನುಕ್ರಮ ಯಾವಾಗಲೂ ಒಂದೇ ಆದುದರಿಂದ ತನಗೆ ಬೇಕಾದುದು ಎಲ್ಲಿದೆಯೆಂಬುದು ಅವನಿಗೆ ಗೊತ್ತು.

ಅಕ್ಷರ ಬಾರದವರನ್ನೂ ಅವರು ಮರೆಯಲಿಲ್ಲ. ಕುರುಗೋಡು ಸಿಂದರ ರಾಜಧಾನಿಯಾಗಿದ್ದ ಊರು. ಆ ಕಾಲದ ಕನ್ನಡನಾಡಿನ ದಾನಶಾಸನದ ಕಲ್ಲುಗಳನ್ನು ನೋಡಿ. ತಲೆಯ ಭಾಗದಲ್ಲಿ ಲಿಂಗ, ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು, ಇಂಥ ಚಿತ್ರಗಳನ್ನು ಬಿಡಿಸಿರುತ್ತಾರೆ. ದೇವರಿಗೆ ಬಿಟ್ಟ ದತ್ತಿ ಇದು, ಸೂರ್ಯಚಂದ್ರರಿರುವವರೆಗೆ ನಡೆಯತಕ್ಕದ್ದು ಎಂಬುದು ದನ ಕಾಯುವ ಹುಡುಗನಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಐವತ್ತು ಸಾಲುಗಳ ಸಾರವನ್ನು ಒಂದು ಗೇಣು ಚಿತ್ರದಲ್ಲಿ ಕೊಟ್ಟ ಮೇಲೆ, ಉಳಿದುದನ್ನು ಓದುವುದೋ ಬಿಡುವುದೋ ಅವರವರ ಅಗತ್ಯಕ್ಕೆ ಬಿಟ್ಟದ್ದು. ಉದ್ದವಾದ ಬರಹವೂ ಓದುಗನ ಹೊತ್ತನ್ನು ಗೌರವಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಇಂದಿನ ನಮ್ಮ ಸ್ಥಿತಿಯನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಮುನ್ನೂರು ಮಂದಿ ನೌಕರರಿಗೆ ಒಂದು ಸುತ್ತೋಲೆ ಹೋಯಿತೆನ್ನಿ. ಅದನ್ನು ಬರೆದವರು ಇನ್ನರ್ಧ ಗಂಟೆ ಕುಳಿತು ತಿದ್ದಿದ್ದರೆ ಓದುವ ಕೆಲಸ ತಲೆಗೆ ಐದು ನಿಮಿಷ ಕಡಿಮೆಯಾಗುತ್ತಿತ್ತು. ತಿದ್ದಲಿಲ್ಲ. ಹೋದದ್ದು ಸಾವಿರದ ಐನೂರು ನಿಮಿಷ, ಅಂದರೆ ಇಪ್ಪತ್ತೈದು ಗಂಟೆ. ಅರ್ಧ ಗಂಟೆಯ ಉಳಿತಾಯಕ್ಕೆ ಒಂದು ಹಗಲು ಒಂದು ರಾತ್ರಿಗೆ ಮೀರಿದ ವೆಚ್ಚ! ಹಣವಾಗಿದ್ದರೆ ಲೆಕ್ಕ ತನಿಖೆಯವರು ಸುಮ್ಮನಿರುತ್ತಿರಲಿಲ್ಲ. ಹೊತ್ತಿಗೆ ತನಿಖೆಯವರಿಲ್ಲ. ಇದಕ್ಕಿಂತಲೂ ಕೆಟ್ಟ ಪರಿಣಾಮ ಇನ್ನೊಂದಿದೆ. ಹತ್ತು ಬಾರಿ ಬೇಡದ್ದನ್ನು ಓದಿ ಬೇಸತ್ತವನು ಹನ್ನೊಂದನೆಯ ಬಾರಿ ಓದುವುದನ್ನೇ ಬಿಡುತ್ತಾನೆ. ಪ್ರವಾಹದ ಎಚ್ಚರಿಕೆಯೋ ಪಿಂಚಣಿಯ ಕಡೆಯ ದಿನವೋ ಆ ಹನ್ನೊಂದನೆಯದರಲ್ಲಿಯೇ ಇರಬಹುದು. ಕಷ್ಟಕ್ಕೆ ಸಿಕ್ಕುವವನು ಅವನು, ಬರೆದವರಲ್ಲ.

ಆದುದರಿಂದ ಹಲವರಿಗೆ ಬರೆಯುವವರು, ಅವರು ಅಧಿಕಾರಿಗಳಿರಲಿ, ಸಂಘಸಂಸ್ಥೆಗಳ ಕಾರ್ಯದರ್ಶಿಗಳಿರಲಿ, ನನ್ನಂಥ ಉಪಾಧ್ಯಾಯರಿರಲಿ, ಕಳುಹಿಸುವ ಮುನ್ನ ಸನ್ನತಿಯ ಚಪ್ಪಡಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಇದು ಯಾರಿಗೆ ಬೇಕು? ಅವರಿಗೆ ಇದರಲ್ಲಿ ಎಷ್ಟು ಬೇಕು? ಯಾವ ಹೊತ್ತಿಗೆ ಬೇಕು? ಎರಡು ಸಲ ಹೇಳಿದ ಮಾತು ಅವರ ಹಿತಕ್ಕೋ ನನ್ನ ಮೆರವಣಿಗೆಗೋ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಕಾಗದದ ಉದ್ದ ತಾನಾಗಿಯೇ ಗೊತ್ತಾಗುತ್ತದೆ. ನಿಟ್ಟೂರಿನ ಬಂಡೆಯನ್ನು ಕೆತ್ತಿ ಇಪ್ಪತ್ತೆರಡು ಶತಮಾನಗಳ ಮೇಲಾಯಿತು. ಬರೆಸಿದವನ ಸಾಮ್ರಾಜ್ಯ ಅಳಿದರೂ ಐದು ನಿಮಿಷದ ಆ ಮಾತನ್ನು ಇಂದಿಗೂ ಹುಡುಕಿಕೊಂಡು ಹೋಗಿ ಓದುವವರಿದ್ದಾರೆ.